ಪಾಡ್ದನದ ಮರ್ಯಾದೆ, ಮೊಬೈಲಿನ ಪಾಠ

ಡಿಜಿಟಲ್ ಜಗತ್ತಿನಲ್ಲಿ ನಾಗರಿಕರಾಗಿ ನಡೆದುಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕೆನ್ನುತ್ತೇವೆ. ಪಾಸ್‌ವರ್ಡನ್ನು ಕಾಪಾಡು, ಸುಳ್ಳನ್ನು ಹಂಚಬೇಡ ಎಂಬಲ್ಲಿಗೆ ಆ ಪಾಠ ಬಹುಮಟ್ಟಿಗೆ ಮುಗಿಯುತ್ತದೆ. ಪುತ್ತೂರು, ಸುಳ್ಯ, ಕಡಬಗಳ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ತುಳುವಿನ ಪಾಡ್ದನ ಪರಂಪರೆಯಲ್ಲಿದೆ.

ನಾಟಿಗದ್ದೆಯಲ್ಲಿ ಹೆಂಗಸರು ಹಾಡುವ ಪಾಡ್ದನ ಒಂದು ಬಗೆ. ನೇಮದ ಇರುಳು ದೈವನರ್ತಕರು ಹೇಳುವುದು ಇನ್ನೊಂದು ಬಗೆ. ಕೋಟಿ ಚೆನ್ನಯರ ಕಥೆ ಪಡುಮಲೆಯಿಂದ ಎಣ್ಮೂರಿನವರೆಗೆ ಊರುಗಳ ಹೆಸರು ಹಿಡಿದೇ ಸಾಗುತ್ತದೆ. ಯಾರು, ಎಲ್ಲಿ, ಯಾವಾಗ, ಯಾರೆದುರು ಹೇಳಿದರೆಂಬುದು ಅಲ್ಲಿ ಮಾತಿನಷ್ಟೇ ಮುಖ್ಯ.

2022ರಲ್ಲಿ ‘ಕಾಂತಾರ’ ತೆರೆಕಂಡ ಮೇಲೆ ದೈವದ ವೇಷವನ್ನು ವೇದಿಕೆಗಳಲ್ಲಿ, ಮೊಬೈಲಿನ ತುಣುಕುಗಳಲ್ಲಿ ಅನುಕರಿಸಿದಾಗ ತುಳುನಾಡು ಆಕ್ಷೇಪಿಸಿದ್ದು ಇದಕ್ಕಾಗಿಯೇ. ನೇಮ ಗುಟ್ಟಿನದಲ್ಲ, ಊರೆಲ್ಲ ನೋಡುವಂಥದು. ಆದರೆ ನೋಡಲು ಬಿಟ್ಟದ್ದೆಲ್ಲ ಒಯ್ಯಲು ಬಿಟ್ಟದ್ದಲ್ಲ.

ಯಂತ್ರವೇ ಶತ್ರುವೆಂದಲ್ಲ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡಗೂಡಿ 1990ರಲ್ಲಿ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದ ಗ್ರಂಥದ ಶೀರ್ಷಿಕೆಯಲ್ಲಿಯೇ ಹಾಡಿದವರ ಹೆಸರಿದೆ.

ಹಾಗೆಂದು ಹಳೆಯ ಕಟ್ಟಳೆಯೆಲ್ಲವೂ ಪಾಠವಾಗದು. ಕೊರಗರನ್ನು ಹೀನಾಯಗೊಳಿಸಿದ ಅಜಲು ಪದ್ಧತಿಯನ್ನು 2000ದಲ್ಲಿ ಕಾಯಿದೆಯೇ ನಿಷೇಧಿಸಬೇಕಾಯಿತು. ಯಾರ ಒಪ್ಪಿಗೆಯನ್ನು ನಾವು ಎಂದೂ ಕೇಳಲಿಲ್ಲವೆಂಬುದನ್ನೂ ಮಕ್ಕಳು ತಿಳಿಯಬೇಕು.

ಆದ್ದರಿಂದ ಪಾಠ ಮನೆಯಿಂದಲೇ ತೊಡಗಲಿ. ವಿದ್ಯಾರ್ಥಿಯು ಅಜ್ಜಿಯ ಹಾಡನ್ನು ಮುದ್ರಿಸಿಕೊಳ್ಳುವಾಗ ಹೆಸರು, ಊರು, ಸಂದರ್ಭಗಳನ್ನು ಬರೆದಿಡಲಿ. ಇದನ್ನು ಯಾರಿಗೆ ಕೇಳಿಸಬಹುದೆಂದು ಆಕೆಯನ್ನೇ ಕೇಳಲಿ. ಬೇಡವೆಂದರೆ ಯಂತ್ರವನ್ನು ಬದಿಗಿಟ್ಟು, ತಾನೇ ಕೂತು ಕಲಿಯಲಿ.