ಚಿತ್ರತುರಗವೂ ಬೀದಿಯ ಮೊಸಳೆಯೂ

ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ನಾವು 'ಇದು ಕುದುರೆ' ಎನ್ನುತ್ತೇವೆ. ಅದನ್ನು ನಿಜವಾದ ಕುದುರೆಯೆಂದು ನಂಬುವುದಿಲ್ಲ. ಸುಳ್ಳೆಂದು ತಳ್ಳುವುದೂ ಇಲ್ಲ. ನಿಜ, ಸುಳ್ಳು, ಸಂಶಯ, ಹೋಲಿಕೆ ಎಂಬ ನಾಲ್ಕು ಬಗೆಗಳಿಗೂ ಸೇರದ ಈ ಅರಿವಿಗೆ ಶಂಕುಕನು ಸಾವಿರ ವರ್ಷಗಳಿಗೂ ಹಿಂದೆಯೇ ಚಿತ್ರತುರಗದ ದೃಷ್ಟಾಂತವನ್ನು ಕೊಟ್ಟನು. ಚಿತ್ರಶಾಲೆಯಲ್ಲಿ ಈ ಅರಿವನ್ನು ಕಾಯುವುದು ಚೌಕಟ್ಟು. ಒಳಗಿನದು ಕಲ್ಪನೆ, ಹೊರಗಿನದು ಲೋಕವೆಂದು ಅದು ಗೆರೆಯೆಳೆಯುತ್ತದೆ. ಆ ಚೌಕಟ್ಟನ್ನು ತೆಗೆದು ಚಿತ್ರವನ್ನು ನಡುಬೀದಿಯಲ್ಲಿಟ್ಟರೆ ಏನಾದೀತು?

ಇದನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿ ನೋಡಿದವರು ಮೈಸೂರಿನಲ್ಲಿ ಕಲೆಯನ್ನಭ್ಯಸಿಸಿದ ಬಾದಲ್ ನಂಜುಂಡಸ್ವಾಮಿ ಎಂಬ ಚಿತ್ರಕಾರರು. ಗೋಡೆಯಿಲ್ಲದ ಈ ಏಕವ್ಯಕ್ತಿ ಪ್ರದರ್ಶನಕ್ಕೆ ದಾರಿಹೋಕರೇ ಪ್ರೇಕ್ಷಕರು. 2015ರಲ್ಲಿ ಅವರು ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯ ಪ್ರತಿಮೆಯನ್ನಿಟ್ಟರು. 2017ರಲ್ಲಿ, ಹೊರಮಾವು ಹಲಸೂರುಗಳ ಕಡೆಯವರಿಗೆ ಪರಿಚಿತವಾದ ದಂಡುಪ್ರದೇಶದಲ್ಲಿಯೇ, ಕಬ್ಬನ್ ರಸ್ತೆಯ ಗುಂಡಿಯ ಬಳಿ ಮತ್ಸ್ಯಕನ್ಯೆಯ ವೇಷದ ನಟಿಯೊಬ್ಬರನ್ನು ಕುಳ್ಳಿರಿಸಿದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ನೌಕೆ ಚಂದ್ರನ ಮೇಲಿಳಿಯಲು ಕೆಲವೇ ದಿನಗಳಿದ್ದಾಗ, ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯ ಉಡುಪಿನ ನಟನನ್ನು ರಾತ್ರಿಯ ಹೊತ್ತು ನಡೆಯಿಸಿ ಚಲಚ್ಚಿತ್ರವನ್ನು ತೆಗೆದರು. ನೋಡುವವನಿಗೆ ಅದು ಚಂದ್ರನ ನೆಲವೆಂದೇ ತೋರುತ್ತದೆ. ಅಷ್ಟರಲ್ಲಿ ಪಕ್ಕದಿಂದ ಆಟೋರಿಕ್ಷಾ ಒಂದು ಹಾದುಹೋಗುತ್ತದೆ. ತೆಗೆದುಹಾಕಿದ್ದ ಚೌಕಟ್ಟು ಆ ಕ್ಷಣದಲ್ಲಿ ಮರಳಿ ಬರುತ್ತದೆ.

ಇಲ್ಲಿ ಮೋಸಗೊಳಿಸಿದುದು ಚಿತ್ರವೇ ಎಂದು ನಾವು ಕೇಳಿಕೊಳ್ಳಬೇಕು. ಮಯಸಭೆಯಲ್ಲಿ ದುರ್ಯೋಧನನು ನೆಲವೆಂದು ಬಗೆದು ನೀರಿಗೆ ಕಾಲಿಟ್ಟು ಬಿದ್ದನು. ಮಳೆನೀರು ತುಂಬಿದ ಗುಂಡಿಯೂ ಸವಾರನಿಗೆ ಸಮನೆಲವಾಗಿಯೇ ಕಾಣುತ್ತದೆ. ಆಳವು ತಿಳಿಯುವುದು ಬಿದ್ದ ಬಳಿಕ. ಹಾಗಾದರೆ ಸುಳ್ಳಾಡುತ್ತಿರುವುದು ರಸ್ತೆ; 'ಇಲ್ಲಿ ಆಳವಿದೆ' ಎಂದು ನಿಜವನ್ನು ಹೇಳಿದುದು ಮೊಸಳೆ. ದಿನವೂ ಕಂಡು ಕಾಣದಂತಾದುದನ್ನು ಕಲ್ಪನೆಯು ಮತ್ತೆ ಕಾಣಿಸುತ್ತದೆ. ವಂಚಕನ ಸುಳ್ಳು ತನ್ನನ್ನು ಮರೆಸಿಕೊಳ್ಳುತ್ತದೆ. ಕಲೆಯ ಸುಳ್ಳು ತಾನೇ ಒಪ್ಪಿಕೊಂಡು ನಮ್ಮನ್ನು ನಿಜದ ಎದುರಿಗೆ ನಿಲ್ಲಿಸುತ್ತದೆ.

ಸುಲ್ತಾನ್‌ಪಾಳ್ಯದಲ್ಲಿಯೂ ಹೇರೋಹಳ್ಳಿಯಲ್ಲಿಯೂ ಅಂದಿನ ಮಹಾನಗರ ಪಾಲಿಕೆಯವರು ಬೇಗನೆ ದುರಸ್ತಿಗೆ ಬಂದರು. ಕೃತಿಯು ಇಲ್ಲವಾಗುವುದೇ ಅದರ ಸಾರ್ಥಕ್ಯವಾದ ಇಂಥ ಪ್ರದರ್ಶನಗಳು ವಿರಳ. ಆದರೆ ಇದರಿಂದ ನಾವು ತೃಪ್ತರಾಗುವಂತಿಲ್ಲ. ಮೊಸಳೆ ಬಂದ ಗುಂಡಿಯು ಮುಚ್ಚಿತು. ಮೊಸಳೆ ಬಾರದ ಗುಂಡಿಗಳ ಗತಿಯೇನು? ನಕ್ಕು ಮುಂದೆ ಹೋಗುವ ಪ್ರೇಕ್ಷಕನು ಚಿತ್ರವನ್ನು ಮಾತ್ರ ನೋಡಿದವನು. ಮರುದಿನ ಚಿತ್ರವಿಲ್ಲದ ಗುಂಡಿಯ ಮುಂದೆಯೂ ನಿಂತು, ಇದನ್ನು ಮುಚ್ಚಬೇಕಾದವರು ಯಾರೆಂದು ಕೇಳುವವನೇ ಪ್ರದರ್ಶನವನ್ನು ಪೂರ್ಣವಾಗಿ ಕಂಡವನು.