ಅಪ್ಪಾಜಿ ಪುಸ್ತಕಕ್ಕೆ ಅಡಿಕೆ ಚೊಗರಿನ ಮುಖಪುಟ

ಪ್ರೆಸ್‌ನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮುಖಪುಟ ನೋಡಿ ಅಪ್ಪಾಜಿ ಸುಮ್ಮನಾದರು. ಇಂಟರ್ನೆಟ್ಟಿನಿಂದ ತೆಗೆದ ಸೂರ್ಯಾಸ್ತ, ತೆಂಗಿನ ಮರ, ಒಂದು ದೋಣಿ. ನಮ್ಮ ತ್ಯಾವಣಿಗೆಯಲ್ಲಿ ಇರೋದು ಭದ್ರಾ ನಾಲೆ, ಭತ್ತದ ಗದ್ದೆ, ಅಡಿಕೆ ತೋಟ. ದೋಣಿ ಎಲ್ಲಿಂದ ಬಂತು? "ಚೆನ್ನಾಗೈತೆ ಬಿಡವ್ವ" ಅಂತ ಫೋನ್ ವಾಪಸ್ ಕೊಟ್ಟರು.

ಮೇಷ್ಟ್ರಾಗಿದ್ದಾಗ ರಾತ್ರಿ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ 12 ಕತೆಗಳು ಅವು. ಮೊದಲ ಪುಸ್ತಕ. ಕೈ ನಡುಗೋಕೆ ಶುರುವಾಗಿ ಎರಡು ವರ್ಷ ಆಯ್ತು, ಹೊಸದೇನೂ ಬರೆದಿಲ್ಲ. ಹಾಗಾಗಿ ಕೊನೆಯದೂ ಇರಬಹುದು. ಬೆಂಗಳೂರಲ್ಲಿ ದಿನವಿಡೀ ಎಕ್ಸೆಲ್ ಶೀಟ್ ನೋಡುವ ನಾನು ಧೈರ್ಯ ಮಾಡಿ ಅಂದೆ: "ಮುಖಪುಟ ನಾನು ಮಾಡ್ತೀನಿ, ತಡೀರಿ."

ಕನ್ನಡದಲ್ಲಿ ಮುಖಪುಟ ಹಗುರವಾದ ಮಾತಲ್ಲ. ಚಂದ್ರನಾಥ ಆಚಾರ್ಯರಂಥ ಕಲಾವಿದರು ಕೈಯಾಡಿಸಿದ ಜಾಗ ಅದು. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಪಾಲಿದೆ. ನಾನು ಕುಂಚ ಹಿಡಿದದ್ದು ಹೈಸ್ಕೂಲಿನಲ್ಲಿ. ಜಲವರ್ಣದಲ್ಲಿ ಬರೆದ ಮೊದಲ ಎರಡು ಚಿತ್ರ ಥೇಟ್ ಕ್ಯಾಲೆಂಡರ್!

ದೀಪಾವಳಿ ರಜೆ. ಹಿತ್ತಲಲ್ಲಿ ಅಡಿಕೆ ಬೇಯಿಸುತ್ತಿದ್ದರು. ಹಂಡೆಯ ಚೊಗರು ನನ್ನ ಕಾಗದದ ಮೇಲೆ ಸಿಡಿಯಿತು. ಒಣಗಿದ ಮೇಲೆ ನೋಡಿದರೆ ನಾಲೆ ದಂಡೆಯ ಕೆಂಪು ಮಣ್ಣಿನ ಬಣ್ಣ. ಅಲ್ಲಿಂದ ದಾರಿ ಸಿಕ್ಕಿತು.

300 ಜಿಎಸ್‌ಎಂ ದಪ್ಪದ ಕಾಗದಕ್ಕೆ ಚೊಗರನ್ನು ತೆಳುವಾಗಿ ಬಳಿದೆ. ಒಣಗಿದ ಮೇಲೆ ಗದ್ದೆಗೆ ಅಕ್ರಿಲಿಕ್ ಹಸಿರು, ನಾಲೆಗೆ ನೀಲಿ ಇಂಕು, ಬದುಗಳಿಗೆ ಹೊಲಿಗೆ ದಾರ. ಮನೆಗೆ ಅಡಿಕೆ ಹಾಳೆ. ಹಾಳೆ ಒಣಗುತ್ತಾ ಸುರುಳಿಕೊಳ್ಳುತ್ತೆ. ನೆನೆಸಿ, ಭಾರ ಹೇರಿ ಒಂದು ರಾತ್ರಿ ಬಿಟ್ಟೆ, ಆಮೇಲೆ ಕತ್ತರಿಸಿ ಫೆವಿಕಾಲ್ ಹಚ್ಚಿದೆ.

ಆಕಾಶಕ್ಕೆ ಅಪ್ಪಾಜಿಯ ಕೈಬರಹ ಅಂಟಿಸುವ ಆಸೆ. ಜೆರಾಕ್ಸ್ ಮಾಡಿಸಿದ್ದೆ. ಆದರೆ ಅವಸರದಲ್ಲಿ ಅಂಟಿಸಿದ್ದು ಅಸಲು ಹಾಳೆ! ಮೇಲಿಂದ ಚೊಗರು ಬಳಿದ ತಕ್ಷಣ ಅಕ್ಷರಗಳೆಲ್ಲ ಕದಡಿಹೋದವು. ಕತೆ ಟೈಪ್ ಆಗಿತ್ತು, ನಿಜ. ಆದರೆ ನಡುಗದ ಕೈಯಲ್ಲಿ ಬರೆದ ಆ ಹಾಳೆ ಮತ್ತೆ ಬರಲ್ಲ. ಅಳುತ್ತಾ ತೋರಿಸಿದೆ.

"ಹೋಗ್ಲಿ ಬಿಡವ್ವ, ಮಳೆ ಬಂದಂಗೆ ಐತೆ" ಅಂದರು ಅಪ್ಪಾಜಿ.

"ಹಂಗಾದ್ರೆ ಪುಸ್ತಕದ ಹೆಸರು ನೀವೇ ಬರೀರಿ."

"ಈ ಕೈಯಾಗಾ?" ಅಂತ ನಕ್ಕರು. ಒತ್ತಾಯಿಸಿದೆ. ಚೊಗರಲ್ಲಿ ಕುಂಚ ಅದ್ದಿ ಬರೆದರು. ಮೂರು ಹಾಳೆ ಹರಿದು ಹಾಕಿದರು. ನಾಲ್ಕನೆಯದನ್ನು ನಾನು ಕಿತ್ತುಕೊಂಡೆ. ಅದೇ ಈಗ ಶೀರ್ಷಿಕೆ.

ನೀವೂ ಮಾಡೋದಾದರೆ ನೆನಪಿಡಿ:

• ಮೊದಲು ಪ್ರೆಸ್‌ನಿಂದ ಅಳತೆ ಕೇಳಿ. ನಮ್ಮದು ಡೆಮಿ 1/8, ಅಂದರೆ 5.5 x 8.5 ಇಂಚು. 120 ಪುಟ ಅಂದರೆ 60 ಹಾಳೆ, ಬೆನ್ನು ಸುಮಾರು 6 ಮಿ.ಮೀ. ಕತ್ತರಿಸುವಾಗ ಹೋಗೋಕೆ ಸುತ್ತ 3 ಮಿ.ಮೀ. ಹೆಚ್ಚು ಬಿಡಿ.

• ಶೀರ್ಷಿಕೆಯ ಜಾಗ ಖಾಲಿ ಇರಲಿ, ಅದನ್ನು ಬೇರೆ ಹಾಳೆಯಲ್ಲಿ ಬರೆದು ಕಂಪ್ಯೂಟರಿನಲ್ಲಿ ಸೇರಿಸಿ.

• ದಾರ, ಹಾಳೆ ಇದ್ದರೆ ಸ್ಕ್ಯಾನರ್ ಸಾಲದು. ಬೆಳಗ್ಗೆ ಜಗುಲಿಯ ನೆರಳಲ್ಲಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಅಚ್ಚಿನ ಅಳತೆಯಲ್ಲಿ 300 ಡಿಪಿಐ ಬೇಕು.

• ಮೊಬೈಲಲ್ಲಿ ಹೊಳೆಯುವ ಬಣ್ಣ ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತೆ. ಒಂದು ಪ್ರೂಫ್ ತೆಗೆಸಿ ನೋಡಿ. ನನ್ನ ಮೊದಲ ಪ್ರೂಫಲ್ಲಿ ಚೊಗರು ಕಪ್ಪಾಗಿತ್ತು.

• ಮುಖ್ಯವಾಗಿ, ಅಸಲು ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ!

ಪುಸ್ತಕ ಬಂದ ದಿನ ಅಪ್ಪಾಜಿ ಒಳಗಿನ ಪುಟ ತಿರುವಲೇ ಇಲ್ಲ. ಅಚ್ಚಾದ ಅಡಿಕೆ ಹಾಳೆಯ ಮನೆಯ ಮೇಲೆ ಬೆರಳಾಡಿಸುತ್ತಾ ಕೇಳಿದರು: "ಇದು ಮೇಲಿನ ತೋಟದ್ದಾ, ಕೆಳಗಿನ ತೋಟದ್ದಾ?"