ಹಳೆಯ ಇಪ್ರಾಮ್ ಚಿಪ್‌ಗಳ ಪ್ರೋಗ್ರಾಮಿಂಗ್ ವೋಲ್ಟೇಜ್: ತಪ್ಪು ಕಲ್ಪನೆ ಮತ್ತು ಸತ್ಯ

ನೇರಳಾತೀತ ಬೆಳಕಿಗೆ ಒಡ್ಡಿ ಅಳಿಸಿ, ಮತ್ತೆ ಬರೆಯಬಹುದಾದ ಇಪ್ರಾಮ್ ಮೆಮೊರಿ ಚಿಪ್‌ಗಳ ವಿಷಯದಲ್ಲಿ ಅತ್ಯಂತ ಹಾನಿಕರವಾದ ನಂಬಿಕೆಯೆಂದರೆ, ಮೇಲೆ ಅಚ್ಚಾಗಿರುವ ಅಂಕಿ ಒಂದೇ ಆಗಿದ್ದರೆ, ಮಾಹಿತಿ ಬರೆಯುವಾಗ ವಿಪಿಪಿ ಪಿನ್ನಿಗೆ ಕೊಡಬೇಕಾದ ಅಧಿಕ ವೋಲ್ಟೇಜ್ ಕೂಡ ಒಂದೇ ಎಂಬುದು. ಅಂಕಿ ಸೂಚಿಸುವುದು ಮುಖ್ಯವಾಗಿ ಸಾಮರ್ಥ್ಯವನ್ನು; 2732 ಎಂದರೆ 32 ಕಿಲೋಬಿಟ್, ಅಷ್ಟೇ. ಇಂಟೆಲ್‌ನ 2732ಕ್ಕೆ 25 ವೋಲ್ಟ್ ಬೇಕು, 2732ಎ ಚಿಪ್‌ಗೆ 21; 2764ಕ್ಕೆ 21 ವೋಲ್ಟ್, 2764ಎ ಚಿಪ್‌ಗೆ 12.5. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್2716 ಅಂತೂ ಮೂರು ಬಗೆಯ ವಿದ್ಯುತ್ ಪೂರೈಕೆಯನ್ನು ಬೇಡುತ್ತದೆ. ಇಂಟೆಲ್‌ನ 2716ಕ್ಕೆ ಸಮಾನವಾದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್2516.

ವೋಲ್ಟೇಜ್ ಹೆಚ್ಚಿದಷ್ಟೂ ಬರಹ ಗಟ್ಟಿಯಾಗುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಪ್ರತಿ ಬಿಟ್‌ನ ಟ್ರಾನ್ಸಿಸ್ಟರಿನಲ್ಲೂ ಸುತ್ತ ಆಕ್ಸೈಡ್ ಪದರದಿಂದ ಮುಚ್ಚಿದ, ಯಾವುದಕ್ಕೂ ತಂತಿಯ ಸಂಪರ್ಕವಿಲ್ಲದ 'ತೇಲುವ ಗೇಟ್' ಇರುತ್ತದೆ. ಅಧಿಕ ವೋಲ್ಟೇಜ್‌ನಿಂದ ಶಕ್ತಿ ಪಡೆದ ಎಲೆಕ್ಟ್ರಾನ್‌ಗಳು ಆಕ್ಸೈಡನ್ನು ದಾಟಿ ಅಲ್ಲಿ ಸಿಕ್ಕಿಕೊಳ್ಳುವುದೇ ಬರಹ. ತಯಾರಿಕೆ ಸೂಕ್ಷ್ಮವಾಗುತ್ತ ಬಂದಂತೆ ಈ ಪದರ ತೆಳುವಾಯಿತು, ಬೇಕಾದ ವೋಲ್ಟೇಜ್ ಇಳಿಯಿತು, ತಾಳಿಕೆಯ ಮಿತಿಯೂ ಅದರೊಂದಿಗೇ ಇಳಿಯಿತು. 2732ಎ ಚಿಪ್‌ನ ವಿಪಿಪಿ ಪಿನ್ 22 ವೋಲ್ಟ್ ಮೀರಿದರೆ ಚಿಪ್ ಹಾಳಾಗುತ್ತದೆಂದು ಇಂಟೆಲ್ ಎಚ್ಚರಿಸಿದೆ, ಅಂದರೆ ಉಳಿಯುವ ಅಂತರ ಒಂದೇ ವೋಲ್ಟ್. ಮೀಟರಿಗೆ ಕಾಣದ ಕ್ಷಣಿಕ ಏರಿಕೆಯೂ ಅದನ್ನು ದಾಟಬಲ್ಲದಾದ್ದರಿಂದ ಆ ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು.

ಕಡಿಮೆ ವೋಲ್ಟೇಜ್ ಚಿಪ್ಪನ್ನು ಸುಡುವುದಿಲ್ಲ ನಿಜ, ಆದರೆ ಬರಹ ಅರೆಬರೆಯಾಗಿ ಉಳಿಯುತ್ತದೆ, ಮತ್ತು 5 ವೋಲ್ಟ್‌ನಲ್ಲಿ ಓದಿದಾಗ ಸರಿಯಾಗಿ ಕಂಡ ದುರ್ಬಲ ಬಿಟ್ ಮುಂದೆ ಕೈಕೊಡಬಹುದು. ವೇಗದ ಪ್ರೋಗ್ರಾಮಿಂಗ್ ವಿಧಾನಗಳು ಬರೆದದ್ದನ್ನು 6 ವೋಲ್ಟ್ ಆಸುಪಾಸಿನ ಪೂರೈಕೆಯಲ್ಲಿ ಪರೀಕ್ಷಿಸುವುದು ಇಂಥ ಬಿಟ್‌ಗಳನ್ನು ಅಲ್ಲೇ ಹಿಡಿಯಲೆಂದೇ.

ಹೆಸರಿನ ನಡುವಿನ 'ಸಿ' ಸಿಮಾಸ್ ತಂತ್ರಜ್ಞಾನವನ್ನು ಸೂಚಿಸುತ್ತದೆಯೇ ಹೊರತು 12.5 ವೋಲ್ಟನ್ನಲ್ಲ; ನ್ಯಾಷನಲ್ ಸೆಮಿಕಂಡಕ್ಟರ್‌ನ 27ಸಿ16ಕ್ಕೆ 25 ವೋಲ್ಟ್ ಬೇಕು.

ಪ್ರೋಗ್ರಾಮರ್ ಉಪಕರಣವೇ ಚಿಪ್ಪನ್ನು ಗುರುತಿಸುತ್ತದೆ ಎಂಬ ಭರವಸೆಯೂ ಎಲ್ಲೆಡೆ ಸಲ್ಲದು. ಎ9 ಪಿನ್ನಿಗೆ 12 ವೋಲ್ಟ್ ಕೊಟ್ಟು ತಯಾರಕರ ಸಂಕೇತವನ್ನು ಓದುವ ಈ ಸೌಲಭ್ಯ ಇಂಟೆಲ್‌ನ 2716, 2732ಗಳಲ್ಲಿ ಇಲ್ಲ, ಅಷ್ಟು ವೋಲ್ಟೇಜ್ ಅವುಗಳ ವಿಳಾಸದ ಪಿನ್ನಿಗೆ ಅಪಾಯಕರವೂ ಹೌದು. ತಯಾರಕರ ಮುದ್ರೆಯನ್ನೂ ಕೊನೆಯ ಅಕ್ಷರದವರೆಗಿನ ಪೂರ್ಣ ಸಂಖ್ಯೆಯನ್ನೂ ಓದಿ, ಅದೇ ಚಿಪ್‌ನ ಡೇಟಾಶೀಟ್ ನೋಡುವುದೇ ಸರಿಯಾದ ಕ್ರಮ. ಅಚ್ಚು ಮಾಸಿಹೋಗಿದ್ದರೆ, ಪಿನ್‌ಗಳ ಜೋಡಣೆ ಖಚಿತವಾಗಿರುವಾಗ ಮಾತ್ರ, 12.5 ವೋಲ್ಟ್‌ನಿಂದ ಆರಂಭಿಸಿ ಒಂದೆರಡು ಬೈಟ್ ಬರೆದು ನೋಡಬೇಕು. ಬರಹ ಮೂಡದಿದ್ದಾಗಲಷ್ಟೇ 21ಕ್ಕೆ, ಆಮೇಲೆ 25ಕ್ಕೆ ಏರಬೇಕು.